ಎಐಎಕ್ಸ್ (ಐಬಿಎಂನ ಯುನಿಕ್ಸ್) ಸರ್ವರಲ್ಲಿ ಡಂಪ್ ಡಿವೈಸ್ (ಸರ್ವರ್ ಕ್ರ್ಯಾಶ್ ಆದಾಗ ಮೆಮೊರಿಯ ಪ್ರತಿ ಬರೆದಿಡುವ ಜಾಗ) ಸಣ್ಣದು ಅಂತ ದಿನಾ ಎರರ್ ಬರ್ತದೆ, ಎಂತ ಮಾಡುದು?

ಮಧ್ಯಾಹ್ನ 3 ಗಂಟೆಗೆ ಸರಿಯಾಗಿ ಬರುದಲ್ವಾ ಮಾರಾಯ್ರೆ, ಅದು ಡಂಪಿಗೆ ಜಾಗ ಸಾಕಾ ನೋಡುವ ಡಂಪ್‌ಚೆಕ್ ಪ್ರೋಗ್ರಾಂ ಕ್ರಾನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡುದು, ಹೆದರ್ಲಿಕ್ಕಿಲ್ಲ ಆದ್ರೆ ಹಾಗೇ ಬಿಡ್ಲಿಕ್ಕೂ ಆಗುದಿಲ್ಲ. ಮೊದ್ಲು ಸಿಸ್‌ಡಂಪ್‌ಡೆವ್ ಕಮಾಂಡಿಗೆ ಮೈನಸ್ ಎಲ್ ಕೊಟ್ಟು ಪ್ರೈಮರಿ ಡಂಪ್ ಡಿವೈಸ್ ಯಾವ್ದುಂಟು ನೋಡಿ, ಆಮೇಲೆ ಮೈನಸ್ ಇ ಕೊಟ್ರೆ ಡಂಪಿಗೆ ಎಷ್ಟು ಬೈಟ್ಸ್ ಬೇಕಾದೀತು ಅಂತ ಅಂದಾಜು ಹೇಳ್ತದೆ, ಇದನ್ನ ಲೋಡ್ ಜಾಸ್ತಿ ಇರುವಾಗ್ಲೇ ನೋಡ್ಬೇಕು, ಭಾನುವಾರ ಖಾಲಿ ಸರ್ವರಲ್ಲಿ ನೋಡಿದ್ರೆ ಲೆಕ್ಕ ಕಡಿಮೆ ಬರ್ತದೆ. ಸಾಲದಿದ್ರೆ ಎಕ್ಸ್‌ಟೆಂಡ್‌ಎಲ್‌ವಿ ಕಮಾಂಡಲ್ಲಿ ಆ ಡಿವೈಸಿನ ಲಾಜಿಕಲ್ ವಾಲ್ಯೂಮನ್ನೇ (ಡಿಸ್ಕಲ್ಲಿ ಬೇರೆ ಮಾಡಿಟ್ಟ ಜಾಗ) ದೊಡ್ಡದು ಮಾಡಿ, ಸ್ವಲ್ಪ ಹೆಚ್ಚೇ ಇರ್ಲಿ. ಬೇರೆ ಡಿವೈಸಿಗೆ ಹಾಕುದಾದ್ರೆ ಸಿಸ್‌ಡಂಪ್‌ಡೆವಿಗೆ ಮೈನಸ್ ಸಣ್ಣ ಪಿ ಜೊತೆ ದೊಡ್ಡ ಪಿ ಕೂಡ ಬೇಕು, ನಾನು ಹಂಪನಕಟ್ಟೆಯ ಒಂದು ಆಫೀಸಲ್ಲಿ ಅದನ್ನ ಮರ್ತು, ರೀಬೂಟ್ ಆದ್ಮೇಲೆ ನೋಡಿದ್ರೆ ಹಳೇ ಡಿವೈಸೇ ಕೂತಿತ್ತು. ಮತ್ತೆ, ಮಳೆಗೆ ಕರೆಂಟ್ ಹೋಗಿ ಸರ್ವರ್ ಬಿದ್ರೆ ಡಂಪ್ ಹುಡುಕ್ಬೇಡಿ, ಅದಕ್ಕೆ ಬರೆಯುವಷ್ಟು ಪುರ್ಸೊತ್ತೇ ಇರುದಿಲ್ಲ.