ಸ್ಟಾರ್ ಟ್ರೆಕ್‌ನ ಆ ಒಂದು ಎಪಿಸೋಡಿಗೆ ಫ್ಯಾನ್‌ಗಳು ಅಷ್ಟೊಂದು ತಲೆ ಕೆಡಿಸಿಕೊಂಡಿದ್ದು ಯಾಕೆ?

‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ನ ಎರಡೂ ಭಾಗ ಒಂದೇ ರಾತ್ರಿ ನೋಡಿ ಮುಗಿಸಿದೆ, ಚೆನ್ನಾಗಿದೆ, ಆದರೆ ಜನ ಹುಚ್ಚೆದ್ದು ಕುಣಿಯುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಒಂದೇ ರಾತ್ರಿ ನೋಡಿದ್ದೇ ಎಡವಟ್ಟು.

ಸ್ಟಾರ್ ಟ್ರೆಕ್‌ನ ಟಿವಿ ಸರಣಿ ‘ನೆಕ್ಸ್ಟ್ ಜನರೇಷನ್’ನ ಮೂರನೇ ಸೀಸನ್ ಮುಗಿದದ್ದು ಇದರ ಮೊದಲ ಭಾಗದಿಂದ. ಅಮೆರಿಕದಲ್ಲಿ ಅದು ಬಂದದ್ದು 1990ರ ಜೂನ್ 18ರ ವಾರ, ಎರಡನೆಯದು ಸೆಪ್ಟೆಂಬರ್ 24ರ ವಾರ. ನಡುವೆ 14 ವಾರ! ವಾರಪತ್ರಿಕೆಯಲ್ಲಿ ಕಾದಂಬರಿ ಓದಿದವರಿಗೆ ‘ಮುಂದುವರಿಯುವುದು’ ಅನ್ನೋ ಪದ ಕೊಡುವ ಸಂಕಟ ಗೊತ್ತು. ಅಲ್ಲಿ ಏಳು ದಿನ ಕಾದರೆ ಸಾಕಿತ್ತು.

ಆ ಕೊನೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೋರ್ಗ್ ಅನ್ನೋ ಅರ್ಧ ಯಂತ್ರ, ಅರ್ಧ ಜೀವಿಗಳಾದ ಶತ್ರುಗಳು ಎತ್ತಿಕೊಂಡು ಹೋದ, ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಹಡಗಿನ ಪರದೆಯ ಮೇಲೆ ಬರ್ತಾನೆ. ಮುಖ ಬಿಳಿಚಿಕೊಂಡಿದೆ, ಕಣ್ಣಿನ ಪಕ್ಕದ ಯಂತ್ರದಿಂದ ಹೊರಟ ಕೆಂಪು ಬೆಳಕು ನೇರ ನಮ್ಮ ಕಡೆಗೇ ತಿರುಗುತ್ತೆ. ತಾನು ಲೋಕ್ಯೂಟಸ್, ಅಂದರೆ ಈಗ ಬೋರ್ಗ್‌ಗಳಲ್ಲೊಬ್ಬ, ಅಂತಾನೆ. ಪಿಕಾರ್ಡ್ ನಂತರದ ಅಧಿಕಾರಿ ರೈಕರ್, ಹಡಗಿನ ಭದ್ರತಾ ಅಧಿಕಾರಿ ವರ್ಫ್‌ಗೆ ಹೇಳೋದು ಮೂರೇ ಪದ: ಮಿಸ್ಟರ್ ವರ್ಫ್, ಫೈರ್. ರಾನ್ ಜೋನ್ಸ್ ಸಂಗೀತ ಮೇಲಕ್ಕೇರುತ್ತೆ, ಅಷ್ಟೇ, ಮುಗೀತು.

ನಾಯಕನ ಮೇಲೆ ಗುಂಡು ಹಾರಿಸಿದರೂ ಅವನೇನು ಸಾಯಲ್ಲ ಬಿಡು ಅಂತ ನಾವು ಈಗ ಆರಾಮಾಗಿ ಹೇಳಬಹುದು. ಆಗಿನವರಿಗೆ ಆ ಧೈರ್ಯ ಇರಲಿಲ್ಲ. ಇದೇ ಸರಣಿ ಮೊದಲ ಸೀಸನ್ನಿನಲ್ಲೇ ಮುಖ್ಯ ಪಾತ್ರಗಳಲ್ಲೊಬ್ಬಳಾದ ಟಾಶಾ ಯಾರ್‌ಳನ್ನು ಸಾಯಿಸಿತ್ತು. ಹಡಗಿನ ಡಾಕ್ಟರ್ ಕ್ರಷರ್ ಎರಡನೇ ಸೀಸನ್ ಪೂರ್ತಿ ನಾಪತ್ತೆ. ಈ ಕಂತಿನಲ್ಲಿ ರೈಕರ್‌ಗೆ ಬೇರೆ ಹಡಗಿನ ನಾಯಕತ್ವ ಕಾದಿದೆ, ಅವನ ಕುರ್ಚಿಯ ಮೇಲೆ ಕಣ್ಣಿಟ್ಟ ಅಧಿಕಾರಿ ಶೆಲ್ಬಿ ಬಂದಿದ್ದಾಳೆ. ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್ ಕೆಲಸ ಬಿಡ್ತಾರಂತೆ, ರೈಕರೇ ಕ್ಯಾಪ್ಟನ್ ಆಗ್ತಾನಂತೆ ಅನ್ನೋ ಗುಸುಗುಸು ಶುರುವಾಗೋಕೆ ಇನ್ನೇನು ಬೇಕು? ನಮ್ಮ ಬೇಸಿಗೆ ರಜೆಯನ್ನೆಲ್ಲ ಹಾಳುಮಾಡಿದಿರಿ ಅಂತ ಜನ ಬೀದಿಯಲ್ಲೇ ಕೂಗಿ ಹೋಗ್ತಿದ್ದರಂತೆ. ಇದನ್ನು ಸ್ಟೀವರ್ಟ್ ಅವರೇ ಆಮೇಲೆ ನೆನಪಿಸಿಕೊಂಡಿದ್ದಾರೆ.

ತಮಾಷೆ ಅಂದರೆ ಬರೆದ ಮೈಕಲ್ ಪಿಲ್ಲರ್‌ಗೂ ಮುಂದಿನದು ಗೊತ್ತಿರಲಿಲ್ಲ. ಆ ಸೀಸನ್ ಮುಗಿಸಿ ಹೊರಟುಬಿಡೋಣ ಅಂತಿದ್ದವರು, ಬಿಡಿಸಲಾಗದ ಗಂಟು ಹಾಕಿಟ್ಟರು. ಆಮೇಲೆ ಮನಸ್ಸು ಬದಲಾಗಿ ಉಳಿದರು, ಗಂಟು ಅವರ ಕೈಗೇ ಬಂತು.

ಎರಡನೇ ಭಾಗ ನನಗೆ ಒಂದು ತೂಕ ಕಡಿಮೆಯೇ. ವುಲ್ಫ್ 359 ಅನ್ನೋ ನಕ್ಷತ್ರದ ಬಳಿ 39 ಹಡಗುಗಳನ್ನು ಚಿಂದಿ ಮಾಡಿದ ಶತ್ರುವನ್ನು ‘ಮಲಗು’ ಅನ್ನೋ ಆಜ್ಞೆ ಕಳಿಸಿ ಮಲಗಿಸಿಬಿಡ್ತಾರೆ. ಆದರೆ ಅದರ ಮುಂದಿನ ಕಂತು ‘ಫ್ಯಾಮಿಲಿ’ ನೋಡದೆ ಬಿಡಬೇಡಿ. ಫ್ರಾನ್ಸಿನ ಊರಿಗೆ ಹೋದ ಪಿಕಾರ್ಡ್, ದ್ರಾಕ್ಷಿ ತೋಟದ ಕೆಸರಲ್ಲಿ ಅಣ್ಣನ ಜೊತೆ ಹೊಡೆದಾಡಿ, ಅಲ್ಲೇ ಕೂತು ಅಳ್ತಾನೆ.

ನನ್ನ ಹತ್ತಿರ ಡಿವಿಡಿ ಪೆಟ್ಟಿಗೆಗಳಿವೆ. ಸೀಸನ್ನಿಗೊಂದು ಪೆಟ್ಟಿಗೆಯಾದ್ದರಿಂದ ಮೊದಲ ಭಾಗ ಮೂರನೆಯದರ ಕೊನೆಗೆ, ಎರಡನೆಯದು ನಾಲ್ಕನೆಯದರ ಶುರುವಿಗೆ. ಅಕ್ಕನ ಮಗಳು ಕೇಳಿದಾಗ ಮೂರನೆಯದನ್ನಷ್ಟೇ ಕೊಟ್ಟೆ. ನೆಟ್‌ನಲ್ಲಿ ಹುಡುಕಬಾರದು ಅಂತ ಭಾಷೆ ತಗೊಂಡೆ. ಎರಡನೇ ದಿನ ಮೆಸೇಜ್: “ಮಾಮ, ಶೆಲ್ಬಿನೇ ಹಡಗು ಉಳಿಸ್ತಾಳಲ್ವಾ?” ಮೂರನೇ ದಿನ: “ರೈಕರ್ ಬೇಕಂತಲೇ ಗುರಿ ತಪ್ಪಿಸ್ತಾನೆ, ಸರಿನಾ?” ನಾಲ್ಕನೇ ದಿನ ಫೋನ್ ಮಾಡಿದ್ದು ಅಕ್ಕ.

“ಆ ಇನ್ನೊಂದು ಡಬ್ಬಿ ಇವತ್ತೇ ತಂದ್ಕೊಡೋ ಮಾರಾಯ. ಊಟಕ್ಕೆ ಕೂತರೂ ಇವಳದ್ದು ಅದೇ ಮಾತು.”