ಓದುಗರ ಪ್ರಶ್ನೆ: ಡ್ರಮ್ಮಿನ ಲಾರ್ವಾದಿಂದ ಇಲಿಯ ಚಿಗಟದವರೆಗೆ

ಪ್ರಶ್ನೆ: 2023ರಲ್ಲಿ ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು ಅಂದರು. ಆಮೇಲೆ ಊರಿನವರ ರಕ್ತ ನೋಡಿದರೆ ಏನೂ ಇಲ್ಲ. ಸೊಳ್ಳೆಯ ಪರೀಕ್ಷೆಯೇ ತಪ್ಪಾಗಿತ್ತೇ?
– ಶಿಡ್ಲಘಟ್ಟದ ಓದುಗರು

ಉತ್ತರ: ಹಾಗೆ ಹೇಳಲಾಗದು. ಸೊಳ್ಳೆ ಹಿಡಿದದ್ದು ಆಗಸ್ಟ್‌ನಲ್ಲಿ, ಫಲಿತಾಂಶ ಬಂದದ್ದು ಅಕ್ಟೋಬರ್ ಕೊನೆಗೆ, ಜನರ ರಕ್ತ ತೆಗೆದದ್ದು ಅದರ ನಂತರ. ಝೀಕಾ ವೈರಸ್ ಮನುಷ್ಯರ ರಕ್ತದಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ವಾರದಷ್ಟು. ಸೋಂಕು ತಗುಲಿದ ಐವರಲ್ಲಿ ನಾಲ್ವರಿಗೆ ಜ್ವರವೂ ಕಾಣಿಸಿಕೊಳ್ಳದು. ಹಾಗಾಗಿ ತಡವಾಗಿ ತೆಗೆದ ರಕ್ತದಲ್ಲಿ ಸಿಗಲಿಲ್ಲ ಎಂದರೆ ವೈರಸ್ ಊರಿಗೆ ಬಂದೇ ಇರಲಿಲ್ಲ ಎಂದಾಗದು.

ಹಿಡಿಯುವ ಕ್ರಮ ಹೀಗೆ. ಕತ್ತಲೆ ಮೂಲೆ, ನೇತುಹಾಕಿದ ಬಟ್ಟೆಯ ಹಿಂದೆ, ಮಂಚದ ಕೆಳಗೆ ಟಾರ್ಚ್ ಹಾಕಿ, ಹೀರುಕೊಳವೆಯಿಂದ ಸೊಳ್ಳೆಯನ್ನು ಎಳೆದುಕೊಳ್ಳುತ್ತಾರೆ. ಜಾತಿವಾರು ಬೇರ್ಪಡಿಸಿ, ಹತ್ತಾರು ಹೆಣ್ಣು ಸೊಳ್ಳೆಗಳನ್ನು ಒಂದು ಗುಂಪಾಗಿ ಅರೆದು, ವೈರಸ್ ಕುರುಹು ಹುಡುಕುವ ಪರೀಕ್ಷೆಯಾದ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಗುಂಪು ಪಾಸಿಟಿವ್ ಬಂದರೆ ಅದರಲ್ಲಿ ಕನಿಷ್ಠ ಒಂದು ಸೊಳ್ಳೆಗೆ ಸೋಂಕಿತ್ತು ಎಂದಷ್ಟೇ ಅರ್ಥ. ದಾರಿಯಲ್ಲಿ ತಂಪು ತಪ್ಪಿದರೆ ವೈರಸ್‌ನ ಆರ್‌ಎನ್‌ಎ (ಆ ಪರೀಕ್ಷೆ ಹುಡುಕುವ ಅದರ ವಂಶವಸ್ತು) ಕೊಳೆತು, ಇದ್ದದ್ದೂ ಇಲ್ಲ ಎಂದು ಬರಬಹುದು. ಇಂಥ ಸುದ್ದಿ ಬಂದಾಗ ಮೊದಲು ಗಮನ ಕೊಡಬೇಕಾದದ್ದು ಗರ್ಭಿಣಿಯರ ಕಡೆಗೆ. ಝೀಕಾದ ಪೆಟ್ಟು ಬೀಳುವುದು ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ.

ಪ್ರಶ್ನೆ: ಲಾರ್ವಾ ಸಮೀಕ್ಷೆಯ ಫಾರಂನಲ್ಲಿ ಮೂರು ಸೂಚ್ಯಂಕ ಕೇಳುತ್ತಾರೆ. ಒಂದೇ ಸಾಲದೇ? ನಮ್ಮ ಊರಿನಲ್ಲಿ ಅಂಕಿ ಕಡಿಮೆ ಬಂದರೂ ಡೆಂಗಿ ನಿಲ್ಲುತ್ತಿಲ್ಲ.
– ಆಶಾ ಕಾರ್ಯಕರ್ತೆ, ಬಂಗಾರಪೇಟೆ ತಾಲ್ಲೂಕು

ಉತ್ತರ: 100 ಮನೆ ನೋಡಿದಿರಿ, 12 ಮನೆಯಲ್ಲಿ ಲಾರ್ವಾ ಸಿಕ್ಕಿತು: ಮನೆ ಸೂಚ್ಯಂಕ 12. ಆ ನೂರೂ ಮನೆಗಳಲ್ಲಿ ನೀರಿದ್ದ ಪಾತ್ರೆ ಒಟ್ಟು 400, ಲಾರ್ವಾ ಇದ್ದದ್ದು 18ರಲ್ಲಿ: ಪಾತ್ರೆ ಸೂಚ್ಯಂಕ 4.5. ನೂರು ಮನೆಗೆ ಲಾರ್ವಾ ಇರುವ ಪಾತ್ರೆ 18: ಬ್ರೆಟೊ ಸೂಚ್ಯಂಕ 18. ಮೂರರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಬ್ರೆಟೊ, ಏಕೆಂದರೆ ಅದು ಮನೆಯನ್ನೂ ಪಾತ್ರೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಮನೆ ಸೂಚ್ಯಂಕ 1ಕ್ಕಿಂತ, ಬ್ರೆಟೊ 5ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ ಎನ್ನುವುದು ಹಳೆಯ ಅಳತೆ. ಅದು ಹಳದಿ ಜ್ವರಕ್ಕಾಗಿ ಹುಟ್ಟಿದ್ದು, ಡೆಂಗಿಗೆ ಅದನ್ನು ಕಣ್ಣು ಮುಚ್ಚಿ ನಂಬಬೇಡಿ.

ಇಷ್ಟಾದರೂ ಮೂರೂ ಸೂಚ್ಯಂಕ ಹೇಳದ ಒಂದು ಮಾತಿದೆ. ಒಂದೇ ಲಾರ್ವಾ ಇರುವ ತೆಂಗಿನ ಚಿಪ್ಪೂ 'ಇದೆ', ನೂರಾರು ಪ್ಯೂಪಾ ಇರುವ 200 ಲೀಟರಿನ ಡ್ರಮ್ಮೂ 'ಇದೆ'. ಎರಡು ದಿನದಲ್ಲಿ ಸೊಳ್ಳೆಯಾಗಿ ಹಾರುವುದು ಪ್ಯೂಪಾ, ಅಂದರೆ ಲಾರ್ವಾದ ಮುಂದಿನ ಹಂತ. ಆದ್ದರಿಂದ ಫಾರಂನ ಅಂಚಿನಲ್ಲಾದರೂ ಪಾತ್ರೆಯ ಬಗೆ ಮತ್ತು ಪ್ಯೂಪಾ ಎಷ್ಟೆಂದು ಬರೆಯಿರಿ. ಕೋಲಾರದ ಕಡೆ ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಬೀದಿಗಳಲ್ಲಿ ಹೆಚ್ಚಿನ ಪ್ಯೂಪಾ ಸಿಗುವುದು ಡ್ರಮ್ಮು, ಸಂಪು, ದನದ ತೊಟ್ಟಿಗಳಲ್ಲಿ. ಹೂಕುಂಡದ ತಟ್ಟೆ ಹುಡುಕುತ್ತಾ ದಿನ ಕಳೆದರೆ ಅಂಕಿ ಇಳಿಯುತ್ತದೆ, ಸೊಳ್ಳೆ ಇಳಿಯದು.

ಅಂಕಿ ಸುಳ್ಳಾಗುವುದು ಎಲ್ಲೆಲ್ಲಿ? ಬೀಗ ಹಾಕಿದ ಮನೆ ಬಿಟ್ಟು, ಪಕ್ಕದ ತೆರೆದ ಮನೆಯನ್ನು ಲೆಕ್ಕಕ್ಕೆ ಸೇರಿಸಿದಾಗ. ಮೆಟ್ಟಿಲು ಹತ್ತದೆ ತಾರಸಿಯ ಟ್ಯಾಂಕಿಗೆ 'ಇಲ್ಲ' ಎಂದು ಬರೆದಾಗ. ಲಾರ್ವಾ ಕೊಲ್ಲುವ ಮದ್ದು ಟೆಮೆಫಾಸ್ ಹಾಕಿದ ಮಾರನೆಯ ದಿನ ಸಮೀಕ್ಷೆ ಮಾಡಿದಾಗ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ನೆರಳು ನೀರಿನ ಮೇಲೆ ಬಿದ್ದಾಗ: ಲಾರ್ವಾ ತಕ್ಷಣ ತಳಕ್ಕೆ ಹೋಗುತ್ತವೆ. ಎರಡು ಮೂರು ನಿಮಿಷ ಅಲುಗಾಡದೆ ನಿಂತು, ಓರೆಯಿಂದ ಟಾರ್ಚ್ ಹಾಕಿ. ಸೌಟಿನಿಂದ ಅಂಚಿಗೆ ಒತ್ತಿ ನೀರೆತ್ತಿ ಬಿಳಿ ತಟ್ಟೆಗೆ ಸುರಿದು ನೋಡಿ. ನೀರಿಗೆ ಸಮಾನಾಂತರವಾಗಿ ಮಲಗಿದ್ದರೆ ಅನಾಫಿಲಿಸ್ (ಮಲೇರಿಯಾದ ಸೊಳ್ಳೆ). ತಲೆ ಕೆಳಗಾಗಿ ನೇತಿದ್ದು, ಉಸಿರುಕೊಳವೆ ಗಿಡ್ಡವಾಗಿ ದಪ್ಪಗಿದ್ದರೆ ಈಡಿಸ್ (ಡೆಂಗಿ, ಝೀಕಾದ ಸೊಳ್ಳೆ), ಉದ್ದವಾಗಿ ಸಪೂರವಾಗಿದ್ದರೆ ಕ್ಯುಲೆಕ್ಸ್. ಮಾದರಿ ಇಡುವ ಸೀಸೆಯ ಚೀಟಿಗೆ ಪೆನ್ಸಿಲ್ ಮಾತ್ರ. ಮದ್ಯಸಾರಕ್ಕೆ ಶಾಯಿ ಕರಗಿಬಿಡುತ್ತದೆ.

ಸಂಪಿಗೆ ಟೆಮೆಫಾಸ್ 50% ಇಸಿ ಹಾಕುವುದಾದರೆ 500 ಲೀಟರಿಗೆ 1 ಮಿಲಿ, ಅಂದರೆ 1 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ ಮದ್ದು). ಅದಕ್ಕೆ ಪ್ಯೂಪಾ ಸಾಯದು. ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿದರೂ ಸಾಲದು, ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಬೇಕು. ಈಡಿಸ್ ಮೊಟ್ಟೆ ನೀರಿನ ಗೆರೆಗೆ ಮೇಲೆ ಅಂಟಿಕೊಂಡಿದ್ದು, ತಿಂಗಳುಗಟ್ಟಲೆ ಒಣಗಿದ್ದರೂ ನೀರು ಮುಟ್ಟಿದೊಡನೆ ಒಡೆಯುತ್ತದೆ.

ಪ್ರಶ್ನೆ: ರೇಷ್ಮೆ ಹುಳ ನಾಲ್ಕನೇ ಜ್ವರದಲ್ಲಿದೆ (ನಾಲ್ಕನೇ ಬಾರಿ ಪೊರೆ ಬಿಡುವ ಹಂತ). ಪಂಚಾಯಿತಿಯವರು ಫಾಗಿಂಗ್ ಮಾಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಬಹುದೇ?
– ಚಿಂತಾಮಣಿಯ ರೇಷ್ಮೆ ಬೆಳೆಗಾರರು

ಉತ್ತರ: ಅನ್ನಲೇಬೇಕು. ಸೊಳ್ಳೆಯನ್ನು ಕೊಲ್ಲುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ರೇಷ್ಮೆ ಹುಳಕ್ಕೂ ವಿಷವೇ. ಹೊಗೆ ತಾಗಿದ ಹಿಪ್ಪುನೇರಳೆ ಸೊಪ್ಪನ್ನೂ ಹಾಕಬೇಡಿ. ಸೊಳ್ಳೆಬತ್ತಿ, ಪ್ಲಗ್‌ಗೆ ಹಾಕುವ ದ್ರವದ ಬಾಟಲಿ ಇವುಗಳಲ್ಲಿರುವುದೂ ಅದೇ ಗುಂಪಿನ ರಾಸಾಯನಿಕ, ಸಾಕಣೆ ಮನೆಗೆ ಅವು ಬೇಡ. ನಿಮ್ಮ ಮನೆಯ ಸುತ್ತ ಫಾಗಿಂಗ್ ಮಾಡಬೇಡಿ ಎಂದು ಮೊದಲೇ ಬರೆದು ಕೊಡಿ. ಹಾಗೆ ನೋಡಿದರೆ ಫಾಗಿಂಗ್‌ನಿಂದ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ. ಡೆಂಗಿ ಪ್ರಕರಣ ಇಲ್ಲದ ಬೀದಿಯಲ್ಲಿ ಅದು ತೋರಿಕೆಯ ಕೆಲಸ.

ಆದರೆ ನಿಮ್ಮ ಕಡೆಯೂ ಒಂದು ಲೋಪ ಇರಬಹುದು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇಡುವ ನೀರಿನ ಬಟ್ಟಲು ಈಡಿಸ್‌ಗೆ ಹೇಳಿ ಮಾಡಿಸಿದ ಜಾಗ: ನೆರಳು, ಅಲುಗದ ನೀರು, ಯಾರೂ ನೋಡುವುದಿಲ್ಲ. ವಾರಕ್ಕೊಮ್ಮೆ ತಿಕ್ಕಿ ನೀರು ಬದಲಿಸಿ, ಸ್ವಲ್ಪ ಸೋಪು ಕದಡಿ. ರೇಷ್ಮೆ ಹುಳವನ್ನು ಕಾಡುವ ಊಜಿ ನೊಣಕ್ಕೆಂದು ಕಿಟಕಿಗೆ ಹಾಕಿದ ಬಲೆ ಸೊಳ್ಳೆಯನ್ನೂ ತಡೆಯುತ್ತದೆ, ಹರಿದಿದ್ದರೆ ಹೊಲಿಸಿ.

ಪ್ರಶ್ನೆ: ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದು ಕೆರೆ ತುಂಬಿದೆ. ಡೆಂಗಿ ಹೆಚ್ಚುತ್ತದೆಯೇ?
– ಕೋಲಾರ

ಉತ್ತರ: ಡೆಂಗಿಯ ಸೊಳ್ಳೆ ಕೆರೆಯಲ್ಲಿ ಹುಟ್ಟುವುದಿಲ್ಲ. ಅಂಚಿನಲ್ಲಿ ಜೊಂಡು, ಅಂತರಗಂಗೆ ಬೆಳೆದರೆ ಕ್ಯುಲೆಕ್ಸ್ ಬರುತ್ತದೆ, ಕಳೆ ತೆಗೆಸಿ. ಮೆದುಳು ಜ್ವರ ಹರಡುವ ಕ್ಯುಲೆಕ್ಸ್‌ಗೆ ಬೇಕಾದದ್ದು ಭತ್ತದ ಗದ್ದೆ. ಆ ವೈರಸ್ ಉಳಿಯುವುದು ಹಂದಿ, ಬೆಳ್ಳಕ್ಕಿಗಳಲ್ಲಿ, ಎರಡೂ ಇರುವಲ್ಲಿ ಎಚ್ಚರ ಬೇಕು. ಬಾವಿ, ಕೃಷಿ ಹೊಂಡದ ಅನಾಫಿಲಿಸ್‌ಗೆ ಗಪ್ಪಿ ಮೀನು ಸಾಕು. ಬಂಗಾರಪೇಟೆ ಕಡೆಯ ಕಾಮಸಮುದ್ರದ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಇದನ್ನು ಬಾವಿಗಳಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. ಚದರ ಮೀಟರಿಗೆ 5ರಿಂದ 10 ಮೀನು ಬಿಡಿ. ಕ್ಲೋರಿನ್ ಹಾಕಿದ ಕೂಡಲೇ ಬಿಟ್ಟರೆ ಸತ್ತುಹೋಗುತ್ತವೆ. ಕೆರೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ, ನಾಡಮೀನುಗಳಿಗೆ ಅವು ಪೈಪೋಟಿ.

ಪ್ರಶ್ನೆ: ನಮ್ಮ ಗಡಿಹಳ್ಳಿಗೆ ಬಂದು ಇಲಿ ಹಿಡಿಯುತ್ತಾರೆ. ಪ್ಲೇಗ್ ಮುಗಿದ ಕಥೆಯಲ್ಲವೇ?
– ಮುಳಬಾಗಿಲು ತಾಲ್ಲೂಕು

ಉತ್ತರ: ಕೋಲಾರ, ಚಿತ್ತೂರು, ಹೊಸೂರು ಕಡೆ ಸೇರುವ ಮೂರು ರಾಜ್ಯಗಳ ಗಡಿ ಪ್ಲೇಗ್‌ನ ಹಳೆಯ ನೆಲೆ. ಅದಕ್ಕೇ ಈ ನಿಗಾ. ಸಂಜೆ ಬೋನು ಇಟ್ಟು ಬೆಳಿಗ್ಗೆ ತೆಗೆಯುತ್ತಾರೆ. ಇಲಿಯ ರೋಮವನ್ನು ಬಿಳಿ ತಟ್ಟೆಯ ಮೇಲೆ ಬಾಚಿ ಚಿಗಟ ಎಣಿಸುತ್ತಾರೆ. ಇಲಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಇಲಿ ಚಿಗಟ ಸಿಕ್ಕರೆ ಎಚ್ಚರಿಕೆ. ಇಲಿಯ ರಕ್ತದಲ್ಲಿ ಪ್ಲೇಗ್ ವಿರುದ್ಧದ ಪ್ರತಿಕಾಯವನ್ನೂ ನೋಡುತ್ತಾರೆ.

ಊರಿನಲ್ಲಿ ಇಲಿಗಳು ವಿಷವಿಲ್ಲದೆ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನೀವಾಗಿ ಪಾಷಾಣ ಹಾಕಿ ಉಳಿದ ಇಲಿಗಳನ್ನು ಕೊಲ್ಲಬೇಡಿ. ಇಲಿ ಸತ್ತು ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಮನುಷ್ಯರ ಮೇಲೆ ಬರುತ್ತದೆ. ಮೊದಲು ಚಿಗಟಕ್ಕೆ ಮದ್ದು, ಆಮೇಲೆ ಇಲಿಗೆ.

ಅದೇ ಇಲಿಯ ಕಿವಿಯೊಳಗೆ ಗುಂಪಾಗಿ ಕುಳಿತ ಕಿತ್ತಳೆ ಬಣ್ಣದ ಚುಕ್ಕೆಗಳು ಸ್ಕ್ರಬ್ ಟೈಫಸ್ ಹರಡುವ ನುಸಿಯ ಮರಿಗಳಿರಬಹುದು. ಡೆಂಗಿ, ಮಲೇರಿಯಾ ಎರಡೂ ಇಲ್ಲವೆಂದು ಬಂದು ಜ್ವರ ವಾರ ದಾಟಿದರೆ ಕಂಕುಳು, ತೊಡೆಸಂದು, ಸೊಂಟದ ದಾರದ ಜಾಗದಲ್ಲಿ ಸಿಗರೇಟು ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ನೋಡಿ ವೈದ್ಯರಿಗೆ ತೋರಿಸಿ. ನೋವಿರದ ಕಾರಣ ರೋಗಿಗೇ ಅದು ಗೊತ್ತಿರುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ.