ಬಾಗಿಲ ಪಕ್ಕದ ಚುಕ್ಕಿ

ಇಂಥದೇ ದೂರು ಹೊತ್ತು ಈ ವರ್ಷ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಬಂದ ಮೂರನೇ ಡಾಕ್ಟರ್ ಇವರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಸರ್ಜನ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಿದ್ದೆಯಿಲ್ಲ, ಮೈತುಂಬ ಸಿಟ್ಟು. ಯಾರ ಮೇಲೆ ಅಂದರೆ ವಾರ್ಡಿನ ಸಿಸ್ಟರ್ ಮೇಲೆ.

ಮಳವಳ್ಳಿ ಕಡೆಯ ಹೆಂಗಸೊಬ್ಬರಿಗೆ ಸ್ತನದಲ್ಲಿ ಸಣ್ಣ ಗಡ್ಡೆ. ಗಡ್ಡೆಯಷ್ಟೇ ತೆಗೆದು ಸ್ತನ ಉಳಿಸುವುದು, ಆಮೇಲೆ 25 ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಡುವುದು ಎಂದು ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಸೇರಿ ಚಿಕಿತ್ಸೆ ನಿರ್ಧರಿಸುವ ಸಭೆಯಲ್ಲಿ, ತೀರ್ಮಾನವಾಯಿತು. ಪುಸ್ತಕದ ಪ್ರಕಾರ ಸರಿಯೇ. ಆದರೆ ಸ್ತನ ಉಳಿಸಿ ಕರೆಂಟು ತಪ್ಪಿಸಿದರೆ ಗಡ್ಡೆ ಅಲ್ಲೇ ಮರುಕಳಿಸುವ ಸಾಧ್ಯತೆ ಹೆಚ್ಚು. ಆಕೆ ನಾಲ್ಕೇ ದಿನ ಬಂದು ನಿಲ್ಲಿಸಿಬಿಟ್ಟರು. ಗಂಡ ಆಲೆಮನೆಯಲ್ಲಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. "ನಂಗೆ ಮೊದ್ಲೇ ಗೊತ್ತಿತ್ತು ಸರ್" ಅಂದರಂತೆ ಸಿಸ್ಟರ್.

ನನ್ನ ಜೊತೆಗಿನ ಮೂರನೇ ಭೇಟಿಯಲ್ಲೂ ಡಾಕ್ಟರದು ಅದೇ ಮಾತು. "ಗೊತ್ತಿದ್ರೆ ಬಾಯಿಬಿಡ್ಬೇಕಿತ್ತಲ್ವಾ ಮೇಡಂ?" ಒಂದು ಹಾಳೆ ಕೊಟ್ಟು, ಬೋರ್ಡಿನಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂರುತ್ತೀರಿ, ಬರೆದು ತೋರಿಸಿ ಅಂದೆ. ಉದ್ದನೆಯ ಮೇಜು ಬರೆದರು. ತುದಿಗೆ ತಾವು. ಆಮೇಲೆ ಕೀಮೋ ಡಾಕ್ಟರ್, ರೇಡಿಯೇಶನ್ ಡಾಕ್ಟರ್, ಪೆಥಾಲಜಿಯವರು, ಸ್ಕ್ಯಾನ್ ಓದುವವರು, ಪಿ.ಜಿ. (ಸ್ನಾತಕೋತ್ತರ) ಓದುವ ಹುಡುಗರು.

"ಸಿಸ್ಟರ್?"

ಪೆನ್ನು ಮೇಜಿನ ಸುತ್ತ ಒಂದು ಸುತ್ತು ಬಂತು. ಕೊನೆಗೆ ಬಾಗಿಲ ಪಕ್ಕ ಒಂದು ಚುಕ್ಕಿ. "ಫೈಲು ಹಿಡ್ಕೊಂಡು ನಿಂತಿರ್ತಾರೆ." ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು, "ಕುರ್ಚಿ ಹಾಕ್ಸಿಲ್ಲ."

ಬೋರ್ಡಿನ ಉಸಾಬರಿಯನ್ನೇ ಬಿಟ್ಟುಬಿಡುತ್ತೇನೆ ಅಂದಾಗ ಕೂಡದು ಅಂದೆ. ಸಲಹೆಗಾರ್ತಿ ಹೀಗೆ ಅಪ್ಪಣೆ ಕೊಡಬಾರದು, ದಾರಿ ಅವರೇ ಕಂಡುಕೊಳ್ಳಲಿ ಅನ್ನುವ ಗೆಳತಿಯರಿದ್ದಾರೆ ನನಗೆ. ಮುಂದಿನ ವಾರ ಇನ್ನೊಬ್ಬರ ಫೈಲು ಆ ಮೇಜಿಗೆ ಬರುತ್ತಿತ್ತು. ಅಷ್ಟು ಕಾಯುವ ವ್ಯವಧಾನ ನನಗಿರಲಿಲ್ಲ. ಎಲ್ಲರೂ ಸೇರಿ ತೀರ್ಮಾನಿಸಿದ್ದು ಅಂದಕೂಡಲೇ ಅದು ಯಾರದ್ದೂ ಅಲ್ಲದ್ದಾಗಿಬಿಡುತ್ತದೆ. ಹಳ್ಳಿಯಿಂದ ಬಂದವರಿಗೆ 'ನಮ್ ಡಾಕ್ಟ್ರು' ಅಂತ ಹೇಳಿಕೊಳ್ಳಲು ಒಂದು ಹೆಸರು ಬೇಕು. ಯಜಮಾನಿಕೆ ಇಟ್ಟುಕೊಳ್ಳಿ, ಆದರೆ ಸ್ಕ್ಯಾನ್ ತೋರಿಸುವ ಮೊದಲು ಸಿಸ್ಟರ್ ಮಾತಾಡಲಿ. ಮನೆ ಎಲ್ಲಿ, ದಿನಾ ಬರಲು ಆಗುತ್ತದಾ, ಜೊತೆಗೆ ಯಾರು. ಅದು ಗೊತ್ತಿದ್ದರೆ ಬೇರೆ ದಾರಿಗಳಿದ್ದವು ಅಂತ ಡಾಕ್ಟರೇ ಹೇಳಿದರು: ಹಲವರಿಗೆ ಈಗ ಮೂರೇ ವಾರದಲ್ಲಿ, 15 ಸಲಕ್ಕೆ ಕರೆಂಟು ಮುಗಿಸುತ್ತಾರೆ, ಉಳಿಯಲು ಜಾಗ ಹುಡುಕಬಹುದಿತ್ತು, ಇಲ್ಲವೇ ಆಕೆಯನ್ನೇ ಕೇಳಿ ಪೂರ್ತಿ ಸ್ತನ ತೆಗೆಯಬಹುದಿತ್ತು.

ರೋಗಿಯ ಕಡೆಯವರು ಇದನ್ನು ಓದುತ್ತಿದ್ದರೆ, ಕೇಳಲಿ ಅಂತ ಕಾಯಬೇಡಿ. ಬಸ್ಸು, ಆಲೆಮನೆ, ಅತ್ತೆ, ಎಲ್ಲವನ್ನೂ ಕತ್ತರಿ ಹಾಕುವ ಮೊದಲೇ ಡಾಕ್ಟರ ಮುಂದೆ ಹೇಳಿ.

ಸಿಸ್ಟರ್ ಹತ್ತಿರ ಕ್ಷಮೆ ಕೇಳಲಾ ಅಂದರು. ಮೊದಲು ಮಳವಳ್ಳಿಗೆ ಫೋನ್ ಮಾಡಿ, ನೀವೇ, ಪಿ.ಜಿ. ಹುಡುಗರ ಕೈಲಿ ಮಾಡಿಸಬೇಡಿ ಅಂದೆ.

ಮಾಡಿದರು. ಆಕೆ ಬಂದಿದ್ದಾರೆ, ಮುಂದೇನು ಅಂತ ಬೋರ್ಡು ಮತ್ತೆ ಕೂತಿದೆ. ಕುರ್ಚಿಯೂ ಬಂತು. ಮೊದಲ ಎರಡು ವಾರ ಸಿಸ್ಟರ್ ಅದರ ಮೇಲೆ ಫೈಲುಗಳನ್ನಿಟ್ಟು ಪಕ್ಕದಲ್ಲಿ ನಿಂತೇ ಇದ್ದರಂತೆ.